ಬಾಗಿಲಿನ ಅಂಟು

ಬಣ್ಣ ಬಳಿಯುವ ಮೊದಲು ಮಲ್ಪೆ ಮನೆಯ ಬಾಗಿಲು ಉಜ್ಜುತ್ತಿದ್ದೆ. ಚಿಲಕದ ಪಕ್ಕ ಚೌಕಾಕಾರದ ಅಂಟು. 2020ರ ಕೊರೊನಾ ಕ್ವಾರಂಟೈನ್ ಚೀಟಿ! ಸೀಮೆಎಣ್ಣೆ ಹಾಕಿದರೂ ಜಪ್ಪಯ್ಯ ಅನ್ನಲಿಲ್ಲ.

ಆಗ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಸರ್ಕಾರದ ಆ್ಯಪ್‌ನಲ್ಲಿ ಗಂಟೆಗೊಂದು ಸೆಲ್ಫಿ ಕಳಿಸಬೇಕಿತ್ತು. ಸ್ನಾನಕ್ಕೂ ಗಡಿಯಾರ ನೋಡಿ ಹೋಗುತ್ತಿದ್ದೆ. ಆಶಾ ಕಾರ್ಯಕರ್ತೆ ಅಕ್ಕ ಗೇಟಿನ ಆಚೆ ನಿಂತು "ಜ್ವರ ಉಂಟಾ?" ಅಂತ ಕೇಳಿ ಬರೆದುಕೊಳ್ಳುತ್ತಿದ್ದರು. ಒಳಗೆ ಅಜ್ಜಿ ಕೆಮ್ಮಿದ್ದು ಅವರಿಗೆ ಕೇಳಿಸಿತ್ತು. ಆ್ಯಪ್‌ಗೆಲ್ಲಿ ಕೇಳಿಸಬೇಕು!

ಇಷ್ಟೆಲ್ಲ ಮಾಡಿಯೂ ಎಷ್ಟು ತಪ್ಪಿಹೋಗಿತ್ತು ನೋಡಿ. ಆ ವರ್ಷದ ಆಗಸ್ಟ್-ಸೆಪ್ಟೆಂಬರಿನ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ರಕ್ತ ಸಮೀಕ್ಷೆ ಪ್ರಕಾರ, ದೇಶದಲ್ಲಿ ಲೆಕ್ಕಕ್ಕೆ ಸಿಕ್ಕ ಒಂದೊಂದು ಕೇಸಿಗೆ 26ರಿಂದ 32 ಸೋಂಕು. ಟೆಸ್ಟ್ ಮಾಡಿಸಿದವರದ್ದು ಮಾತ್ರ ಲೆಕ್ಕ, ಅಲ್ವಾ?

ಚೀಟಿ ಇಲ್ಲದ ಎದುರು ಮನೆಯವರು ಮಾತ್ರ ನಮ್ಮ ಗೇಟು ಕಂಡರೆ ರಸ್ತೆಯ ಆ ಬದಿಗೆ ದಾಟುತ್ತಿದ್ದರು.

ನಾಳೆ ಸ್ಯಾಂಡ್‌ಪೇಪರ್ ತರಬೇಕು.