ಟ್ರಕ್ಕಿನ ಹಿಂಭಾಗ ಕುಸಿದರೆ ಮೊದಲು ಮುಂದಿನ ಚಕ್ರ ನೋಡಿ

ಬೇಸಿಗೆ ಬಂತೆಂದರೆ ಅಮೆರಿಕದ ಡೆನ್ವರಿನಿಂದ ಬೆಟ್ಟದ ಕಡೆ ಹೋಗುವ ಐ-70 ಹೆದ್ದಾರಿಯಲ್ಲಿ, ಟ್ರೇಲರ್ ಕಟ್ಟಿಕೊಂಡು ಹಿಂಭಾಗ ಕುಸಿದು ಮೂತಿ ಮೇಲೆತ್ತಿದ ಪಿಕಪ್ ಟ್ರಕ್‌ಗಳು ಒಂದರ ಹಿಂದೆ ಒಂದು ಕಾಣುತ್ತವೆ. ಅವರೆಲ್ಲರಿಗೂ ಸಿಗುವ ಸಲಹೆ ಒಂದೇ: ಹಿಂದಿನ ಸ್ಪ್ರಿಂಗಿಗೆ ಏರ್‌ಬ್ಯಾಗ್ (ಆಸರೆಗೆ ಇಡುವ ರಬ್ಬರ್ ಗಾಳಿಚೀಲ) ಹಾಕಿಸಿ, ಗಾಳಿ ತುಂಬಿಸಿ, ಮಟ್ಟಸವಾಗುತ್ತೆ. ನಮ್ಮ ಮನೆಯಲ್ಲಿ ಹಿಚ್, ಅಂದರೆ ಟ್ರೇಲರನ್ನು ಟ್ರಕ್ಕಿಗೆ ಸಿಕ್ಕಿಸುವ ಕೊಂಡಿ, ಜೋಡಿಸುವ ಕೆಲಸ ನನ್ನದು. ಈ ಸಲಹೆ ಅರ್ಧ ಮಾತ್ರ ಸರಿ ಅಂತ ಗಟ್ಟಿಯಾಗಿ ಹೇಳಬೇಕಿದೆ.

ಟ್ರೇಲರಿನ ಮೂತಿ ಕೂರುವ ಹಿಚ್ಚಿನ ಗುಂಡು ಇರುವುದು ಟ್ರಕ್ಕಿನ ಹಿಂದಿನ ಆಕ್ಸಲ್‌ಗಿಂತ (ಚಕ್ರಗಳ ಅಚ್ಚಿಗಿಂತ) ಹಿಂದೆ. ಅಲ್ಲಿ ಬಿದ್ದ ಭಾರ ಹಿಂದಿನ ಚಕ್ರವನ್ನು ಒತ್ತುವುದರ ಜೊತೆಗೆ ಮುಂದಿನ ಚಕ್ರವನ್ನು ಎತ್ತುತ್ತದೆ. ನಮ್ಮ ಟ್ರೇಲರ್ ಸಾಮಾನು ತುಂಬಿದ ಮೇಲೆ ಸುಮಾರು 5,500 ಪೌಂಡ್, ಅಂದರೆ 2,500 ಕೆಜಿ. ಅದರ ಮೂತಿಯ ಭಾರ, ಅಂದರೆ ಮೂತಿ ಗುಂಡಿನ ಮೇಲೆ ಹಾಕುವ ಭಾರ, 660 ಪೌಂಡ್. ಟ್ರಕ್ಕಿನ ಎರಡು ಆಕ್ಸಲ್‌ಗಳ ನಡುವೆ 145 ಇಂಚು, ಹಿಂದಿನ ಆಕ್ಸಲ್‌ನಿಂದ ಗುಂಡಿಗೆ 60 ಇಂಚು. ಲೆಕ್ಕ ಹಾಕಿದರೆ ಮುಂದಿನ ಆಕ್ಸಲ್ 270 ಪೌಂಡ್ ಕಳೆದುಕೊಳ್ಳುತ್ತೆ, ಹಿಂದಿನದಕ್ಕೆ 930 ಪೌಂಡ್ ಬೀಳುತ್ತೆ. ಸ್ಟಿಯರಿಂಗ್ ಇರುವುದು ಮುಂದಿನ ಚಕ್ರದಲ್ಲಿ, ಬ್ರೇಕಿನ ದೊಡ್ಡ ಪಾಲೂ ಅಲ್ಲೇ. ಅದೇ ಹೆದ್ದಾರಿಯ ಐಸೆನ್‌ಹೋವರ್ ಸುರಂಗ ದಾಟಿ ಇಳಿಜಾರಿಗೆ ಇಳಿಯುವಾಗ ಆ 270 ಪೌಂಡ್ ನನಗೆ ಬೇಕೇ ಬೇಕು. ಏರ್‌ಬ್ಯಾಗ್ ಬಾಲವನ್ನು ಎತ್ತುತ್ತದೆ, ಆದರೆ ಮುಂದಕ್ಕೆ ಭಾರ ವಾಪಸ್ ಕೊಡುವುದಿಲ್ಲ. ಟ್ರಕ್ ನೋಡಲು ನೇರವಾಗಿ ನಿಂತಿರುತ್ತೆ, ಮುಂದಿನ ಚಕ್ರ ಮಾತ್ರ ಹಗುರಾಗಿಯೇ ಇರುತ್ತೆ.

ಆ ಭಾರವನ್ನು ವಾಪಸ್ ತರುವುದು ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್. ಗುಂಡಿನ ಕೆಳಗಿನಿಂದ ಎರಡು ಉಕ್ಕಿನ ಬಾರ್‌ಗಳು ಟ್ರೇಲರಿನ ಚೌಕಟ್ಟಿನ ಉದ್ದಕ್ಕೆ ಹೋಗುತ್ತವೆ, ಅವನ್ನು ಸರಪಳಿಯಿಂದ ಬಿಗಿದಾಗ ಹಿಂದಿನ ಆಕ್ಸಲ್ ಮೇಲಿನ ಭಾರದಲ್ಲಿ ಒಂದು ಪಾಲು ಮುಂದಕ್ಕೂ ಇನ್ನೊಂದು ಪಾಲು ಟ್ರೇಲರಿನ ಚಕ್ರಕ್ಕೂ ಹಂಚಿಹೋಗುತ್ತದೆ. ನಾನು ಮಾಡುವುದಿಷ್ಟು. ಮಟ್ಟಸ ನೆಲದಲ್ಲಿ, ಟ್ರೇಲರ್ ಕಟ್ಟುವ ಮೊದಲು, ಮುಂದಿನ ಚಕ್ರದ ಮೇಲೆ ಫೆಂಡರಿನ (ಮಡ್‌ಗಾರ್ಡಿನ) ಅಂಚು ನೆಲದಿಂದ ಎಷ್ಟು ಎತ್ತರ ಅಂತ ಟೇಪ್ ಹಿಡಿದು ಬರೆದುಕೊಳ್ಳುತ್ತೇನೆ. ಕಟ್ಟಿದ ಮೇಲೆ ಮತ್ತೆ ಅಳೆದರೆ ಅಂಚು ಮೇಲೇರಿರುತ್ತದೆ. ಮೂತಿಯ ಜ್ಯಾಕಿನಿಂದ ಟ್ರಕ್ಕಿನ ಬಾಲ, ಟ್ರೇಲರಿನ ಮೂತಿ ಎರಡನ್ನೂ ಒಟ್ಟಿಗೆ ಎತ್ತಿ, ಸರಪಳಿಯ ಒಂದು ಕೊಂಡಿ ಹೆಚ್ಚು ಎಳೆದು ಸಿಕ್ಕಿಸಿ, ಜ್ಯಾಕ್ ಇಳಿಸಿ, ಮತ್ತೆ ಟೇಪ್. ಮೇಲೇರಿದ್ದರಲ್ಲಿ ಎಷ್ಟು ಇಳಿಯಬೇಕು ಎಂಬುದು ಆಯಾ ವಾಹನದ ಕೈಪಿಡಿಯಲ್ಲಿ ಇರುತ್ತದೆ. ಅತಿಯಾಗಿ ಬಿಗಿದರೆ ಹಿಂದಿನ ಚಕ್ರ ಹಿಡಿತ ಕಳೆದುಕೊಳ್ಳುತ್ತದೆ, ಅದೂ ಅಪಾಯವೇ. ಕೆಲವು ಕಾರುಗಳಿಗೆ ಈ ಹಿಚ್ ಬೇಡವೆಂದೇ ಕೈಪಿಡಿಯಲ್ಲಿ ಬರೆದಿರುತ್ತಾರೆ, ಆಗ ಬಳಸಲೇಬೇಡಿ.

ಟೇಪ್ ಸಾಲದಿದ್ದರೆ ಹೆದ್ದಾರಿಯ ಟ್ರಕ್ ಸ್ಟಾಪಿನಲ್ಲಿ ಕ್ಯಾಟ್ ಸ್ಕೇಲ್ ಎಂಬ ವಾಹನ ತೂಗುವ ಕಾಟಾ ಇದೆ. ಮುಂದಿನ ಆಕ್ಸಲ್, ಹಿಂದಿನದು, ಟ್ರೇಲರ್, ಮೂರರ ತೂಕವೂ ಒಂದೇ ಚೀಟಿಯಲ್ಲಿ ಬೇರೆ ಬೇರೆಯಾಗಿ ಬರುತ್ತದೆ.

ಬಾಲ ಕುಸಿಯಬಾರದೆಂದು ಸಾಮಾನನ್ನೆಲ್ಲ ಟ್ರೇಲರಿನ ಹಿಂದಕ್ಕೆ ತಳ್ಳುವವರಿದ್ದಾರೆ. ದಯವಿಟ್ಟು ಬೇಡ. ಎತ್ತಿನ ಗಾಡಿಗೆ ಹೇರು ತುಂಬುವವರು ಮುಂಭಾರ, ಹಿಂಭಾರ ನೋಡಿ ತುಂಬುತ್ತಿದ್ದರಲ್ಲ, ಇಲ್ಲೂ ಅದೇ. ಟ್ರೇಲರಿನ ಒಟ್ಟು ತೂಕದ ಶೇಕಡಾ 10ರಿಂದ 15 ಮೂತಿಯ ಮೇಲಿರಬೇಕು. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಅತ್ತಿತ್ತ ಬೀಸತೊಡಗುತ್ತದೆ, ಟ್ರಕ್ಕನ್ನೂ ಎಳೆದುಕೊಂಡು ಹೋಗುತ್ತದೆ.

ಇನ್ನು ಟ್ರಕ್ಕು ಹೆಚ್ಚೆಂದರೆ ಎಷ್ಟು ಹೊರಬಹುದು ಎಂದು ಹೇಳುವ, ಬಾಗಿಲ ಕಂಬದ ಮೇಲಿನ ಹಳದಿ ಬಿಳುಪಿನ ಚೀಟಿ. ನಮ್ಮದರಲ್ಲಿ ಜನ, ಸಾಮಾನು ಸೇರಿ 1,540 ಪೌಂಡ್ ಅಂತಿದೆ. ಅಪ್ಪ ಅಮ್ಮ ಮೈಸೂರಿನಿಂದ ಬಂದಾಗ ಆರು ಜನ, 710. ಮೂತಿಯ ಭಾರವೂ ಇದರಲ್ಲೇ ಲೆಕ್ಕ, 660, ಹಿಚ್ ತಾನೇ 90. ಉಳಿದದ್ದು 80 ಪೌಂಡ್! ಅಮ್ಮ ಅಕ್ಕಿ, ಬೇಳೆ, ಕುಕ್ಕರು ಅಂತ ಕಟ್ಟಿದ್ದನ್ನೆಲ್ಲ ಟ್ರಕ್ಕಿಗೆ ಹಾಕದೆ ಟ್ರೇಲರಿನಲ್ಲಿ, ಅದರ ಆಕ್ಸಲ್ ಮೇಲೆಯೇ ಇಟ್ಟೆವು. ಸೌದೆ ಕ್ಯಾಂಪಿನ ಹತ್ತಿರವೇ ಕೊಂಡೆವು. ನಮ್ಮ ನೀರಿನ ಟ್ಯಾಂಕ್ ಆಕ್ಸಲ್‌ಗಿಂತ ಮುಂದಿದೆ, 40 ಗ್ಯಾಲನ್ ತುಂಬಿದರೆ 330 ಪೌಂಡ್ ದಾಟುತ್ತದೆ, ಅದರಲ್ಲಿ ಒಂದು ಪಾಲು ಮೂತಿಯ ಮೇಲೆ ಬೀಳುತ್ತದೆ. ಅದನ್ನೂ ಅಲ್ಲಿಗೆ ಹೋದ ಮೇಲೆ ತುಂಬಿಸಿದೆವು. ಏರ್‌ಬ್ಯಾಗ್ ಹಾಕಿಸಿದರೂ ಆ ಚೀಟಿಯ ಅಂಕಿ ಒಂದು ಪೌಂಡೂ ಏರುವುದಿಲ್ಲ.