ಗಂಟೆಯಿಂದ ಆರಂಭಿಸಬೇಡಿ: ಫಿಲಡೆಲ್ಫಿಯಾದಲ್ಲಿ ಒಂದು ದಿನ

ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಅಕ್ಟೋಬರ್ ತಿಂಗಳ ಒಂದು ಇಡೀ ದಿನವನ್ನು ಫಿಲಡೆಲ್ಫಿಯಾಕ್ಕೆ ಮೀಸಲಿಟ್ಟೆವು. ಟ್ರೆಂಟನ್‌ವರೆಗೆ ಒಂದು ರೈಲು, ಅಲ್ಲಿಂದ ಸೆಪ್ಟಾ ಸಂಸ್ಥೆಯ ಇನ್ನೊಂದು ರೈಲು. ಕಾರಿನಲ್ಲಿ ಹೋಗಿ ಪಾರ್ಕಿಂಗ್‌ಗಾಗಿ ಸುತ್ತಾಡುವುದಕ್ಕಿಂತ ಇದೇ ಮೇಲು, ಏಕೆಂದರೆ ಜೆಫರ್ಸನ್ ನಿಲ್ದಾಣದಲ್ಲಿ ಇಳಿದ ಮೇಲೆ ನೋಡಬೇಕಾದ ಎಲ್ಲವೂ ಕಾಲ್ನಡಿಗೆಯ ದೂರದಲ್ಲಿಯೇ ಇದೆ.

ಬರುವವರೆಲ್ಲ ಮೊದಲು ಅಮೆರಿಕದ ಸ್ವಾತಂತ್ರ್ಯದ ಸಂಕೇತವಾದ ಲಿಬರ್ಟಿ ಬೆಲ್ ಎಂಬ ಗಂಟೆಯ ಮುಂದೆ ಸಾಲು ನಿಲ್ಲುತ್ತಾರೆ. ನನ್ನ ಸಲಹೆ ಬೇರೆ. ಆಗ ಬ್ರಿಟನ್ನಿನ ಅಧೀನದಲ್ಲಿದ್ದ ಅಮೆರಿಕದ ವಸಾಹತುಗಳ ಜನರ ಮನಸ್ಸು ಬದಲಾದ ಕ್ರಮದಲ್ಲಿಯೇ ನಡೆಯಿರಿ, ಆಗ ಈ ಊರು ಅರ್ಥವಾಗುತ್ತದೆ.

ಮೊದಲು ಚೆಸ್ಟ್‌ನಟ್ ಬೀದಿಯಲ್ಲಿರುವ ಕಾರ್ಪೆಂಟರ್ಸ್ ಹಾಲ್‌ಗೆ ಹೋಗಿ. ಬಡಗಿಗಳ ಸಂಘದ ಈ ಚಿಕ್ಕ ಇಟ್ಟಿಗೆ ಕಟ್ಟಡದಲ್ಲಿ 1774ರ ಸೆಪ್ಟೆಂಬರ್‌ನಲ್ಲಿ 12 ವಸಾಹತುಗಳ ಪ್ರತಿನಿಧಿಗಳು ಸೇರಿದ್ದರು. ಅವರು ಕೇಳಿದ್ದು ಸ್ವಾತಂತ್ರ್ಯವನ್ನಲ್ಲ. ತಮ್ಮ ಪ್ರತಿನಿಧಿಗಳೇ ಇಲ್ಲದ ಸಂಸತ್ತು ತಮ್ಮ ಮೇಲೆ ತೆರಿಗೆ ಹೇರಬಾರದೆಂಬ, ಬ್ರಿಟಿಷ್ ಪ್ರಜೆಗಳಾಗಿ ತಮಗಿದ್ದ ಹಕ್ಕನ್ನು ಮಾತ್ರ. ಅದಕ್ಕಾಗಿ ಅವರು ಹಿಡಿದ ಹಾದಿ ಬ್ರಿಟಿಷ್ ಸರಕಿನ ಬಹಿಷ್ಕಾರ. ನಮ್ಮ ಸ್ವದೇಶಿ ಚಳವಳಿಯನ್ನು ಓದಿಕೊಂಡು ಬೆಳೆದವರಿಗೆ ಅಲ್ಲಿ ನಿಂತಾಗ ಪರಿಚಿತರ ಮನೆಗೆ ಬಂದಂತಾಗುತ್ತದೆ.

ಇದಾಗಿ ಎರಡೇ ವರ್ಷಗಳೊಳಗೆ ದೊರೆಯೇ ಬೇಡವೆನ್ನುವಷ್ಟು ದೂರ ಜನ ಬಂದರು. ಇಂಗ್ಲೆಂಡಿನಿಂದ ಬಂದು ಇಲ್ಲಿ ನೆಲೆಸಿದ್ದ ಥಾಮಸ್ ಪೇನ್ 1776ರ ಜನವರಿಯಲ್ಲಿ ಇದೇ ಊರಿನಲ್ಲಿ ಪ್ರಕಟಿಸಿದ ‘ಕಾಮನ್ ಸೆನ್ಸ್’ ಎಂಬ ಕಿರುಹೊತ್ತಗೆಗೆ ಅದರಲ್ಲಿ ದೊಡ್ಡ ಪಾಲಿದೆ. ವಂಶಪಾರಂಪರ್ಯವಾಗಿ ಬರುವ ಅರಸೊತ್ತಿಗೆಯೇ ಅನ್ಯಾಯವೆಂದೂ, ಒಂದು ದ್ವೀಪವು ಒಂದು ಖಂಡವನ್ನು ಆಳುವುದು ಅಸಂಗತವೆಂದೂ ಅವನು ಸಾಮಾನ್ಯ ಓದುಗರಿಗೆ ತಿಳಿಯುವ ಭಾಷೆಯಲ್ಲಿ ವಾದಿಸಿದನು.

ಇನ್ನು ಇಂಡಿಪೆಂಡೆನ್ಸ್ ಹಾಲ್. ವರ್ಷದ ಬಹುಪಾಲು ತಿಂಗಳು ಒಳಗೆ ಹೋಗಲು ಸಮಯ ನಮೂದಿಸಿದ ಟಿಕೆಟ್ ಬೇಕಾಗುತ್ತದೆ. ಟಿಕೆಟ್ಟಿಗೆ ಬೆಲೆಯಿಲ್ಲದಿದ್ದರೂ ಆನ್‌ಲೈನ್‌ನಲ್ಲಿ ಕಾಯ್ದಿರಿಸಲು ನಾವು ತಲಾ ಒಂದು ಡಾಲರ್ ಕೊಟ್ಟೆವು. ಭದ್ರತಾ ತಪಾಸಣೆ ಇರುವುದರಿಂದ ಅರ್ಧ ಗಂಟೆ ಮುಂಚೆ ತಲುಪಿ, ದೊಡ್ಡ ಚೀಲ ತರಬೇಡಿ. ಸಭಾಂಗಣ ನಾನು ಊಹಿಸಿದ್ದಕ್ಕಿಂತ ಚಿಕ್ಕದು. ಹಸಿರು ಬಟ್ಟೆ ಹಾಸಿದ ಮೇಜುಗಳು, ಎತ್ತರದ ಕಿಟಕಿಗಳು. 1776ರ ಜುಲೈ 4ರಂದು ಸ್ವಾತಂತ್ರ್ಯ ಘೋಷಣೆಯನ್ನು ಅಂಗೀಕರಿಸಿದ್ದೂ 1787ರಲ್ಲಿ ಸಂವಿಧಾನವನ್ನು ರಚಿಸಿದ್ದೂ ಇದೇ ಕೋಣೆಯಲ್ಲಿ. ಆಳುವವರ ಅಧಿಕಾರ ಆಳಿಸಿಕೊಳ್ಳುವವರ ಒಪ್ಪಿಗೆಯಿಂದಲೇ ಬರುತ್ತದೆಂಬ ಮಾತು ಇಲ್ಲಿ ಒಂದು ದೇಶದ ಬುನಾದಿಯಾಯಿತೆಂದು ನೆನೆದಾಗ ನನಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ಘೋಷಣೆಯ ಮೂಲ ಹಸ್ತಪ್ರತಿ ವಾಷಿಂಗ್ಟನ್ ನಗರದಲ್ಲಿದೆ, ಅದನ್ನು ಇಲ್ಲಿ ಹುಡುಕಬೇಡಿ.

ಗಂಟೆಯನ್ನು ಇದಾದ ಮೇಲೆ ನೋಡಿ. ಅದಕ್ಕೆ ಟಿಕೆಟ್ ಬೇಕಿಲ್ಲ. ‘ಲಿಬರ್ಟಿ ಬೆಲ್’ ಎಂಬ ಹೆಸರನ್ನು ಬಳಕೆಗೆ ತಂದವರು 1830ರ ದಶಕದ ಗುಲಾಮಗಿರಿ ವಿರೋಧಿಗಳು. ಅದರ ಪಕ್ಕದಲ್ಲಿಯೇ ಅಧ್ಯಕ್ಷ ವಾಷಿಂಗ್ಟನ್ ವಾಸಿಸಿದ್ದ ಮನೆಯ ನಿವೇಶನವಿದೆ. ಅವರು ಆ ಮನೆಯಲ್ಲಿ ಒಂಬತ್ತು ಮಂದಿಯನ್ನು ಗುಲಾಮರಾಗಿ ಇಟ್ಟುಕೊಂಡಿದ್ದರು. ಅವರಲ್ಲೊಬ್ಬಳಾದ ಓನಿ ಜಡ್ಜ್ 1796ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಹೋದಳು. ಹೆಚ್ಚಿನವರು ನಿಲ್ಲದೆ ದಾಟಿ ಹೋಗುವ ಈ ಜಾಗದಲ್ಲಿ ದಯವಿಟ್ಟು ನಿಲ್ಲಿ. ಇಂಡಿಪೆಂಡೆನ್ಸ್ ಹಾಲ್‌ನೊಳಗೆ ಸಾರಿದ ಸಮಾನತೆ ಯಾರನ್ನು ಹೊರಗಿಟ್ಟಿತೆಂಬುದನ್ನು ಮಕ್ಕಳಿಗೆ ವಿವರಿಸಲು ಇದಕ್ಕಿಂತ ತಕ್ಕ ಸ್ಥಳವಿಲ್ಲ.

ಮಧ್ಯಾಹ್ನದ ಊಟಕ್ಕೆ ರೀಡಿಂಗ್ ಟರ್ಮಿನಲ್ ಮಾರುಕಟ್ಟೆಗೆ ಹೋದೆವು, ಸಸ್ಯಾಹಾರಿಗಳಿಗೂ ತೊಂದರೆಯಿಲ್ಲ. ಅಮೆರಿಕನ್ ಕ್ರಾಂತಿಯ ವಸ್ತುಸಂಗ್ರಹಾಲಯಕ್ಕೆ ಕನಿಷ್ಠ ಮೂರು ಗಂಟೆ ಬೇಕು, ವಾಷಿಂಗ್ಟನ್ನರ ಯುದ್ಧಕಾಲದ ಡೇರೆ ಅಲ್ಲಿದೆ.

ಕನ್ನಡಿಗರಿಗೆ ಇನ್ನೊಂದು ಮಾತು. 1777ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷ್ ಪಡೆಯನ್ನು ಈ ಊರಿನೊಳಕ್ಕೆ ನಡೆಸಿಕೊಂಡು ಬಂದವನು, 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಸೋತು, 1792ರಲ್ಲಿ ನಮ್ಮ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನು ಬರೆಸಿಕೊಂಡ ಅದೇ ಕಾರ್ನ್‌ವಾಲಿಸ್. ಸಂಜೆ ಪೆನ್ಸ್ ಲ್ಯಾಂಡಿಂಗ್ ಎಂಬ ನದಿದಂಡೆಗೆ ಹೋಗಲು ಒಂದಿಷ್ಟು ಸಮಯ ಉಳಿಸಿಕೊಳ್ಳಿ. ಎದುರಿಗೆ ಹರಿಯುವ ಡೆಲವೇರ್ ನದಿ ಸಮುದ್ರ ಸೇರುವ ಕೊಲ್ಲಿಯಲ್ಲಿ, 1782ರ ಏಪ್ರಿಲ್ 8ರಂದು, ಈ ಊರಿರುವ ಪೆನ್ಸಿಲ್ವೇನಿಯಾ ರಾಜ್ಯದ ಹಡಗೊಂದು ತನಗಿಂತ ಬಲವಾದ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಗೆದ್ದ ಆ ಪೆನ್ಸಿಲ್ವೇನಿಯಾ ಹಡಗಿನ ಹೆಸರು ‘ಹೈದರ್ ಅಲಿ’.