ಟಬ್ಬಿನಲ್ಲಿ ನಕ್ಷತ್ರ ಆಮೆ

3 ಮಾರ್ಚ್ 2024, ಭಾನುವಾರ

ಇವತ್ತು ಪರಿಚಯದವರೊಬ್ಬರ ಗೃಹಪ್ರವೇಶ. ಹೋಳಿಗೆ ಊಟ ಮುಗಿಸಿ ಕೈ ತೊಳೆಯಲು ಹೋದಾಗ ಬಾಲ್ಕನಿ ಕಡೆಯಿಂದ ಕರ್ ಕರ್ ಅಂತ ಸದ್ದು. ಇಣುಕಿ ನೋಡಿದೆ. ನೀಲಿ ಪ್ಲಾಸ್ಟಿಕ್ ಟಬ್ಬು, ಅದರಲ್ಲಿ ಎರಡು ಬೆರಳು ನೀರು, ನೀರಲ್ಲಿ ಅಂಗೈಯಗಲದ ನಕ್ಷತ್ರ ಆಮೆ. ಟಬ್ಬಿನ ಗೋಡೆ ಹತ್ತಲು ನೋಡುತ್ತಿತ್ತು, ಉಗುರು ಜಾರುತ್ತಿತ್ತು. ಕುರುಚಲು ಕಾಡಿನ ಒಣ ನೆಲದಲ್ಲಿ ಓಡಾಡುವ ಜೀವ ಅದು. ಈಜು ಬರಲ್ಲ. ಕಪ್ಪು ಚಿಪ್ಪಿನ ಒಂದೊಂದು ಉಬ್ಬಿನಿಂದಲೂ ಹಳದಿ ಗೆರೆಗಳು ಸುತ್ತ ಚೆಲ್ಲಿಕೊಂಡಿದ್ದವು. ನಡುವೆ ಯಾರೋ ಕುಂಕುಮ ಬೇರೆ ಇಟ್ಟಿದ್ದರು.

"ವಾಸ್ತುಗೆ ಒಳ್ಳೇದಂತೆ ಸಾರ್. ಫ್ರೆಂಡು ತಂದುಕೊಟ್ಟ" ಅಂದರು ಮನೆಯವರು.

ಕೋಲಾರದ ಕಡೆಯ ನಮ್ಮಜ್ಜಿ ಬೇರೆಯೇ ಹೇಳುತ್ತಿದ್ದರು: "ಆಮೆ ಹೊಕ್ಕ ಮನೆ, ಅಮೀನ ಹೊಕ್ಕ ಮನೆ ಎರಡೂ ಉದ್ಧಾರ ಆಗಲ್ಲ." ಅಮೀನ ಅಂದರೆ ಜಪ್ತಿಗೆ ಬರುವ ಕೋರ್ಟಿನವನು. ಈ ಮನೆಗೆ ಆಮೆಯ ಹಿಂದೆಯೇ ಅವನೂ ಬರಬಹುದು ಅನ್ನೋ ಮಾತು ಬಾಯಿತುದಿಗೆ ಬಂದಿತ್ತು. ಶುಭದಿನ, ನುಂಗಿಕೊಂಡೆ.

ತಮಾಷೆ ಅಂದ್ರೆ ಇವತ್ತೇ ವಿಶ್ವ ವನ್ಯಜೀವಿ ದಿನ. 1973ರ ಮಾರ್ಚ್ 3ರಂದು ವಾಷಿಂಗ್ಟನ್‌ನಲ್ಲಿ ಸೈಟೀಸ್ ಒಪ್ಪಂದ ಆಯಿತು. ಕಾಡುಪ್ರಾಣಿ, ಗಿಡಗಳನ್ನು ದೇಶದಿಂದ ದೇಶಕ್ಕೆ ಮಾರುವುದಕ್ಕೆ ಕಡಿವಾಣ ಹಾಕುವ ಒಪ್ಪಂದ. 1976ರಲ್ಲಿ ಭಾರತವೂ ಸೇರಿತು. ನಕ್ಷತ್ರ ಆಮೆ ಮೊದಲು ಎರಡನೇ ಪಟ್ಟಿಯಲ್ಲಿತ್ತು, ಅಂದರೆ ಪರವಾನಗಿ ಇದ್ದರೆ ಮಾರಬಹುದು. ಕಳ್ಳರಿಗೆ ಅಷ್ಟು ಸಂದಿ ಸಾಕಲ್ವಾ? ನಮ್ಮಲ್ಲಿಂದ ರಫ್ತು ಮಾಡುವಂತಿಲ್ಲ, ನಿಜ. ಆದರೆ ಬಟ್ಟೆಯಲ್ಲಿ ಸುತ್ತಿ, ಸೂಟ್‌ಕೇಸಿನಲ್ಲಿ ತುರುಕಿ ಹೊರಗೆ ಸಾಗಿಸಿಬಿಟ್ಟರೆ, ಅಲ್ಲಿ 'ಫಾರ್ಮಿನಲ್ಲಿ ಹುಟ್ಟಿದ ಮರಿ' ಅಂತ ಕಾಗದ ಮಾಡಿಸಿಕೊಳ್ಳಬಹುದು. 2019ರ ಸೈಟೀಸ್ ಸಭೆಯಲ್ಲಿ ಇದನ್ನು ಇನ್ನೂ ಬಿಗಿಯಾದ ಮೊದಲ ಪಟ್ಟಿಗೆ ಏರಿಸಿದರು. ಏರಿಸಿ ಅಂತ ಕೇಳಿದವರಲ್ಲಿ ಭಾರತ, ಶ್ರೀಲಂಕಾ, ಬಾಂಗ್ಲಾದೇಶ ಇದ್ದವು. ಆ ಸಭೆ ಕೊಲಂಬೊದಲ್ಲೇ ಆಗಬೇಕಿತ್ತು. ಈಸ್ಟರ್ ದಿನದ ಬಾಂಬ್ ದಾಳಿಯಿಂದಾಗಿ ಜಿನೀವಾಕ್ಕೆ ಹೋಯಿತು.

ಆದರೆ ಸೈಟೀಸ್ ಕೈ ಗಡಿಯವರೆಗೆ ಮಾತ್ರ. ಬಾಲ್ಕನಿಗೆ ನಮ್ಮದೇ ಕಾನೂನು. ಕಳೆದ ವರ್ಷ ಏಪ್ರಿಲ್‌ನಿಂದ ನಕ್ಷತ್ರ ಆಮೆ ವನ್ಯಜೀವಿ ಕಾಯ್ದೆಯ 1ನೇ ಶೆಡ್ಯೂಲಿನಲ್ಲಿದೆ, ಹುಲಿಯ ಸಾಲಿನಲ್ಲಿ. ಮನೇಲಿ ಇಟ್ಟುಕೊಂಡಿದ್ದು ಸಾಬೀತಾದರೆ 3ರಿಂದ 7 ವರ್ಷ ಜೈಲು.

"ಅಂಕಲ್, ಇದರ ಊರು ಯಾವುದು?" ಅಂತ ಮನೆಯ ಹುಡುಗಿ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. 2018ರಲ್ಲಿ ಸಿಂಗಪುರದಲ್ಲಿ ಸಿಕ್ಕಿದ್ದ 51 ನಕ್ಷತ್ರ ಆಮೆಗಳು ವಿಮಾನ ಹತ್ತಿ ಬೆಂಗಳೂರಿಗೆ ವಾಪಸ್ ಬಂದವು. ಬಂದ ತಕ್ಷಣ ಕಾಡಿಗೆ ಬಿಡೋದಕ್ಕಾಗಲ್ಲ. ರೋಗ ಇದೆಯಾ ನೋಡಬೇಕು. ಗುಜರಾತಿನದೋ, ಆಂಧ್ರದ್ದೋ, ಶ್ರೀಲಂಕಾದ್ದೋ ಅಂತ ಪತ್ತೆ ಮಾಡಬೇಕು. ಎಲ್ಲೆಲ್ಲಿಯದನ್ನೋ ತಂದು ಒಂದೇ ಕಡೆ ಬಿಟ್ಟರೆ ತಳಿ ಬೆರೆತುಹೋಗುತ್ತದೆ.

ಹೊರಡುವಾಗ ಮನೆಯವರನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಮುಖ ಬಿಳಿಚಿಕೊಂಡಿತು. "ಹಾಗಾದ್ರೆ ರಾತ್ರಿ ಪಾರ್ಕಲ್ಲಿ ಬಿಟ್ಟುಬಿಡ್ಲಾ?"

"ಬೇಡ ಮಾರಾಯ್ರೆ. 1926ಕ್ಕೆ ಫೋನ್ ಮಾಡಿ, ಅರಣ್ಯ ಇಲಾಖೆಯದ್ದು. ಮೊದಲು ಆ ನೀರು ಚೆಲ್ಲಿ."

ನೀರನ್ನೇನೋ ಆಗಲೇ ಚೆಲ್ಲಿದರು. ಫೋನು? "ನಾಳೆ ಬೆಳಗ್ಗೆ ಮಾಡ್ತೀನಿ ಸಾರ್. ಸೋಮವಾರ ಒಂಬತ್ತಕ್ಕೆ ರಾಹುಕಾಲ ಮುಗಿಯುತ್ತೆ."